ಯಾರ ಪಕ್ಕ ನಿಲ್ಲಿಸಿ ಅಳೆದಿರಿ?

1930ರ ದಶಕದ ಕೊನೆಯ ವರ್ಷಗಳು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬರುತ್ತಿದ್ದ ನೆಂಟರಿಷ್ಟರ ಕೈಗೆ ಒಂದು ಕಟ್ಟು ಚೀಟಿ ಕೊಡುತ್ತಿದ್ದರು. ಪ್ರತಿ ಚೀಟಿಯ ಮೇಲೂ ಒಂದೊಂದು ವಾಕ್ಯ. ನಿದ್ದೆ, ಹೊಟ್ಟೆ, ಭಯ, ದೇವರು, ಮನೆಯವರ ಜೊತೆಗಿನ ಜಗಳ, ಹೀಗೆ ಬದುಕಿನ ಎಲ್ಲ ಮೂಲೆಗಳ ಬಗ್ಗೆ. ಓದಿ ನೋಡಿ, ತಮ್ಮ ಮಟ್ಟಿಗೆ ನಿಜವೆನಿಸಿದ್ದನ್ನು ಒಂದು ಕಡೆ, ಅಲ್ಲವೆನಿಸಿದ್ದನ್ನು ಇನ್ನೊಂದು ಕಡೆ, ಹೇಳಲಾಗದ್ದನ್ನು ಬೇರೆಯಾಗಿ ಇಡಬೇಕು. ಮನಶ್ಶಾಸ್ತ್ರಜ್ಞ ಸ್ಟಾರ್ಕ್ ಹ್ಯಾಥವೇ, ವೈದ್ಯ ಜೆ. ಸಿ. ಮೆಕಿನ್ಲಿ ಇಬ್ಬರೂ ಹೀಗೆ ಕೂಡಿಸಿದ ಉತ್ತರಗಳಿಂದ 1943ರಲ್ಲಿ ಒಂದು ಪರೀಕ್ಷೆ ಹೊರಬಂತು: ಮಿನ್ನೆಸೋಟಾ ಮಲ್ಟಿಫೇಸಿಕ್ ಪರ್ಸನಾಲಿಟಿ ಇನ್ವೆಂಟರಿ. ನಮ್ಮ ವೃತ್ತಿಯವರ ಬಾಯಲ್ಲಿ ಎಂ.ಎಂ.ಪಿ.ಐ. ಮಾನಸಿಕ ಚಿಕಿತ್ಸೆಯ ಜಗತ್ತಿನಲ್ಲಿ ಇಷ್ಟು ಬಳಕೆ ಕಂಡ, ಇಷ್ಟು ಸಂಶೋಧನೆ ಕಂಡ ವ್ಯಕ್ತಿತ್ವ ಪರೀಕ್ಷೆಗಳು ಬೆರಳೆಣಿಕೆಯಷ್ಟು.

'ಆರೋಗ್ಯವಂತರು' ಎಂಬ ಲೆಕ್ಕಕ್ಕೆ ಆಗ ಮುಖ್ಯವಾಗಿ ಸಿಕ್ಕವರು ಈ 724 ಮಂದಿ ಸಂದರ್ಶಕರು. ಹೆಚ್ಚಿನವರು ಮೂವತ್ತೈದರ ಆಸುಪಾಸಿನ, ಮದುವೆಯಾದ, ಎಂಟನೇ ತರಗತಿಯ ಮಟ್ಟಿಗೆ ಓದಿದ, ಹಳ್ಳಿಯಲ್ಲೋ ಸಣ್ಣ ಪಟ್ಟಣದಲ್ಲೋ ಕೈಕಸುಬು ಮಾಡಿಕೊಂಡಿದ್ದ ಬಿಳಿಯರು. ಒಳ್ಳೆಯ ಜನರೇ ಇದ್ದಿರಬೇಕು. ಆದರೆ ಮುಂದಿನ ನಲವತ್ತಕ್ಕೂ ಹೆಚ್ಚು ವರ್ಷ, 1989ರಲ್ಲಿ ಪರಿಷ್ಕೃತ ಆವೃತ್ತಿ ಬರುವ ತನಕ, ಈ ಪರೀಕ್ಷೆ ಬರೆದವರಲ್ಲಿ ಹೆಚ್ಚಿನವರನ್ನು ಇವರ ಪಕ್ಕದಲ್ಲಿ ನಿಲ್ಲಿಸಿಯೇ ಅಳೆದದ್ದು.

ನಾನು ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಡಾಕ್ಟರು ಕಳಿಸಿದವರನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿ ವರದಿ ಬರೆಯುವುದು ನನ್ನ ಕೆಲಸ. ಜನ ನನ್ನ ವರದಿಯನ್ನು ರಕ್ತಪರೀಕ್ಷೆಯ ವರದಿಯಂತೆ ಓದುತ್ತಾರೆ. ಗ್ರಾಫು ಮೇಲೆ ಹೋಗಿದ್ದರೆ ಏನೋ ಕೆಟ್ಟಿದೆ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ರೋಗಿಯ ಮನೆಯವರು ಹಾಗೆ ಓದಿದರೆ ಕೂರಿಸಿ ವಿವರಿಸಬಹುದು. ಕೋರ್ಟು, ಕೆಲಸ ಕೊಡುವ ಕಂಪನಿ, ಕೆಲವೊಮ್ಮೆ ವೈದ್ಯರೂ ಹಾಗೇ ಓದುತ್ತಾರೆ. ಈ ಲೇಖನ ಬರೆಯಲು ಕೂತದ್ದು ಅದಕ್ಕೇ.

ಈ ಅಂಕ ಎಂದರೆ ಏನು ಎಂದು ಮೊದಲು ಹೇಳಿಬಿಡುತ್ತೇನೆ. ನೂರಕ್ಕೆ ಇಷ್ಟು ಎಂದು ಕೊಡುವ ಶಾಲೆಯ ಮಾರ್ಕ್ಸ್ ಇದಲ್ಲ. ಒಂದು ಗುಂಪಿನ ಜನರಿಗೆ ಪರೀಕ್ಷೆ ಕೊಟ್ಟು, ಅವರ ಸರಾಸರಿಯನ್ನು 50 ಎಂದು ಹಿಡಿದು, ಅಲ್ಲಿಂದ ನೀವು ಎಷ್ಟು ದೂರ ಇದ್ದೀರಿ ಎಂದು ತೋರಿಸುವ ಸಂಖ್ಯೆ. ಎಂ.ಎಂ.ಪಿ.ಐ.ನ ಹಳೆಯ ಆವೃತ್ತಿಯಲ್ಲಿ 70 ದಾಟಿದರೆ, ಆಮೇಲಿನದರಲ್ಲಿ 65 ದಾಟಿದರೆ ಗಮನಿಸಬೇಕು ಎಂಬ ರೂಢಿ. ಹಿಂದೆ ಸಂತೆ ಸಂತೆಗೂ ಬೇರೆ ಸೇರು ಇದ್ದ ಕಾಲದಲ್ಲಿ 'ಹತ್ತು ಸೇರು ಜೋಳ' ಅಂದರೆ ಎದುರಿನವರು 'ಯಾವ ಊರ ಸೇರು?' ಎಂದು ಕೇಳುತ್ತಿದ್ದರು. '72 ಬಂದಿದೆ' ಎಂದು ಹೇಳಿದ ಮನಶ್ಶಾಸ್ತ್ರಜ್ಞರನ್ನೂ ಕೇಳಬೇಕಾದ ಪ್ರಶ್ನೆ ಅದೇ: ಯಾರ ಸರಾಸರಿಯಿಂದ?

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಲಂಬಾಣಿ ತಾಂಡಾದವರು, ನಲವತ್ತರ ಆಸುಪಾಸು. ತಲೆನೋವು, ಮೈಯೆಲ್ಲ ಉರಿ, ನಿದ್ದೆ ಇಲ್ಲ. ಹೊರಗೆ ಎಲ್ಲ ತಪಾಸಣೆ ಮುಗಿಸಿ ಮಾನಸಿಕ ವಿಭಾಗಕ್ಕೆ ಬಂದಿದ್ದರು. ಮನೆಯಲ್ಲಿ ಆಡುವುದು ಲಂಬಾಣಿ, ಸಂತೆಯಲ್ಲಿ ಕನ್ನಡ, ಕೆಲಸಕ್ಕೆ ಹೋದಲ್ಲಿ ಒಂದಿಷ್ಟು ಮರಾಠಿ. ಓದು ಬರಹ ಇಲ್ಲ. ಹೌದು–ಅಲ್ಲ ಎಂದು ಉತ್ತರಿಸುವ ಕನ್ನಡದ ಪ್ರಶ್ನಾವಳಿಯನ್ನು ಒಂದೊಂದೇ ಓದಿ ಹೇಳಿದೆ. ಗಂಡ ಪಕ್ಕದಲ್ಲೇ ಕೂತು ಅರ್ಧ ಪ್ರಶ್ನೆಗಳಿಗೆ ತಾವೇ ಉತ್ತರ ಕೊಡತೊಡಗಿದ್ದರಿಂದ, ಚೀಟಿ ಮಾಡಿಸಿಕೊಂಡು ಬನ್ನಿ ಎಂದು ಅವರನ್ನು ಹೊರಗೆ ಕಳಿಸಿದೆ.

ಯಾರೋ ನನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ಅರ್ಥದ ಹೇಳಿಕೆಗೆ ಅವರ ಉತ್ತರ ಹೌದು. ಹೆಚ್ಚಿನ ಜನರನ್ನು ನಂಬಬಹುದು ಎಂಬುದಕ್ಕೆ ಅಲ್ಲ. ನನಗೆ ಕೇಡು ಬಯಸುವವರಿದ್ದಾರೆ, ಹೌದು. ಮನೆ ಬಿಟ್ಟು ತಿರುಗಾಡುವುದು ಹೆಚ್ಚು, ಅದಕ್ಕೂ ಹೌದು. ಎಲ್ಲ ಕೂಡಿಸಿದರೆ ಸಂಶಯ ಪ್ರವೃತ್ತಿಯ ಅಂಕ ಗೆರೆ ದಾಟಿ ಸಾಕಷ್ಟು ಮೇಲೆ. ಬರೀ ಕಾಗದ ನೋಡಿದವರು 'ಸಂಶಯದ ಲಕ್ಷಣಗಳು' ಎಂದು ಬರೆದು ಫೈಲು ಮುಚ್ಚಬಹುದಿತ್ತು.

ನನ್ನ ಗುರುಗಳು ಕಲಿಸಿದ ಒಂದು ಕ್ರಮವನ್ನು ನಾನು ಯಾವತ್ತೂ ಬಿಟ್ಟಿಲ್ಲ. ಪ್ರಶ್ನಾವಳಿ ಮುಗಿದ ಮೇಲೆ, ಅಂಕ ಏರಿಸಿದ ಉತ್ತರಗಳನ್ನು ಒಂದೊಂದಾಗಿ ಮತ್ತೆ ಎತ್ತಿಕೊಳ್ಳುವುದು. ಈಗಲೂ ಅದನ್ನೇ ಮಾಡಿದೆ.

"ಅಕ್ಕಾ, ಯಾರೋ ನೋಡ್ತಿರ್ತಾರ ಅಂದ್ರಲ್ಲ, ಯಾರವರು?"

"ಮುಕಾದಮನ ಮಂದಿ ರೀ ಅಕ್ಕಾರ. ಅಡ್ವಾನ್ಸ್ ತೀರೋತನಕ ಎಲ್ಲಿ ಓಡಿಹೋಗ್ತಾವೋ ಅಂತ ರಾತ್ರಿ ಬಂದು ಗುಡಿಸಲಾ ಎಣಸ್ತಾರ."

ಪ್ರತಿ ವರ್ಷ ಹಂಗಾಮು ಶುರುವಾದರೆ ಗಂಡ ಹೆಂಡತಿ ಇಬ್ಬರೂ ಮಹಾರಾಷ್ಟ್ರದ ಕಬ್ಬಿನ ಸೀಮೆಗೆ. ಅಲ್ಲಿ ಜೋಡಿಗೆ 'ಕೊಯ್ತಾ' ಎಂದೇ ಲೆಕ್ಕ. ಕೂಲಿಯವರನ್ನು ಕರೆದೊಯ್ಯುವ ಗುತ್ತಿಗೆದಾರ ಮುಕಾದಮನಿಂದ ಮುಂಗಡ ಹಣ ಮೊದಲೇ ಕೈಗೆ ಬಂದಿರುತ್ತದೆ. ಕಡಿದ ಕಬ್ಬಿನ ಟನ್ ಲೆಕ್ಕದಲ್ಲಿ ಅದು ತೀರಬೇಕು. ತೂಕದಲ್ಲಿ ಮೋಸವಾದದ್ದನ್ನು ಅವರು ಕಂಡಿದ್ದಾರೆ. ಜೊತೆಗಿದ್ದ ಓರಗಿತ್ತಿ ಹಿಂದಿನ ವರ್ಷ ಹೊಲದಲ್ಲೇ ಹೆರಿಗೆಯಾಗಿ ತೀರಿಕೊಂಡಿದ್ದರು. ಅವರ ಮಗು ಈಗ ಇವರ ಮಡಿಲಲ್ಲಿ. ನಿದ್ದೆ ಹೋದದ್ದು ಅಂದಿನಿಂದ. ಯಾರನ್ನೂ ನಂಬುವುದಿಲ್ಲ ಎಂಬ ಅವರ ಮಾತು ಬದುಕು ಕಲಿಸಿದ ಎಚ್ಚರ. ನಿಜವಾದ ಕಾಯಿಲೆ ಇದ್ದದ್ದು ಬೇರೆ ಕಡೆ: ಆಳವಾದ ಖಿನ್ನತೆ. ಆ ಅಳತೆಯಲ್ಲಿ ಅವರ ಅಂಕ ಗೆರೆಯ ಒಳಗೇ ಇತ್ತು. ದುಃಖದ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ 'ಅದೆಲ್ಲಾ ಇರೂದ ರೀ' ಎಂದು ಹೇಳಿ ಕೈಬೀಸಿ ಮುಂದಕ್ಕೆ ಹೋಗಿದ್ದರು.

ಇದು ನಮ್ಮ ಆಸ್ಪತ್ರೆಗೆ ಮಾತ್ರ ಸೇರಿದ ಕಥೆಯಲ್ಲ. ಎಂ.ಎಂ.ಪಿ.ಐ.ನಲ್ಲಿ ಉತ್ತರ ಎಷ್ಟು ನಂಬಬಹುದಾದದ್ದು ಎಂದು ನೋಡಲು ಕೆಲವು ಒಳ ಅಳತೆಗಳಿವೆ. ಅದರಲ್ಲೊಂದು ಎಫ್ ಎಂಬುದು. ಮಿನ್ನೆಸೋಟಾದ ಆ ಜನರಲ್ಲಿ ನೂರಕ್ಕೆ ಹತ್ತು ಮಂದಿಯೂ ಒಪ್ಪದ ಹೇಳಿಕೆಗಳನ್ನು ಆರಿಸಿ ಇದನ್ನು ಕಟ್ಟಿದರು. ಮೂಲ ಆವೃತ್ತಿಯಲ್ಲಿ ಅಂಥ 64 ಇದ್ದವು. ಇಂಥವಕ್ಕೆ ಯಾರಾದರೂ ಹೆಚ್ಚು ಹೆಚ್ಚು ಹೌದೆಂದರೆ, ಒಂದೋ ಓದಲು ಬರುತ್ತಿಲ್ಲ, ಒಂದೋ ಉತ್ಪ್ರೇಕ್ಷೆ ಮಾಡುತ್ತಿದ್ದಾರೆ, ಇಲ್ಲವೇ ತೀವ್ರ ಕಾಯಿಲೆ ಇದೆ ಎಂಬ ತರ್ಕ. ಮಿನ್ನೆಸೋಟಾದ ರೈತನಿಗೆ ಈ ತರ್ಕ ಹೊಂದುತ್ತದೆ. ಅವನಿಗೆ ಅಪರೂಪವಾದ ಅನುಭವ ಇನ್ನೊಬ್ಬರಿಗೆ ದಿನನಿತ್ಯದ್ದಾದರೆ?

ಅಮೆರಿಕದ ಕಪ್ಪು ಜನರ ವಿಷಯದಲ್ಲಿ ಈ ಪ್ರಶ್ನೆ ಜೋರಾಗಿ ಎದ್ದಿತು. ಅವರಲ್ಲಿ ಕಾಯಿಲೆ ಇಲ್ಲದವರೂ ಎಫ್ ಅಳತೆಯಲ್ಲಿ, ಸ್ಕಿಜೋಫ್ರೇನಿಯಾ ಮತ್ತು ಉನ್ಮಾದದ ಅಳತೆಗಳಲ್ಲಿ ಬಿಳಿಯರಿಗಿಂತ ಮೇಲೆ ಬರುತ್ತಿದ್ದರು. 1972ರಲ್ಲಿ ಮಾಲ್ಕಮ್ ಗಿಂಥರ್ ಎಂಬ ಮನಶ್ಶಾಸ್ತ್ರಜ್ಞ ಸೈಕಲಾಜಿಕಲ್ ಬುಲೆಟಿನ್‌ನಲ್ಲಿ ಒಂದು ಲೇಖನ ಬರೆದು, ಬಿಳಿಯರ ಮಾನದಂಡದಿಂದ ಕಪ್ಪು ಜನರನ್ನು ಅಳೆಯುವುದು ತಾರತಮ್ಯಕ್ಕೆ ದಾರಿಯಲ್ಲವೇ ಎಂದು ಕೇಳಿದರು. ಪೊಲೀಸರು ತಡೆದು ನಿಲ್ಲಿಸುವ, ಬಾಡಿಗೆ ಮನೆ ಕೊಡದ, ಕೆಲಸಕ್ಕೆ ಸೇರಿಸಿಕೊಳ್ಳದ ಸಮಾಜದಲ್ಲಿ ಎದುರಿನವರನ್ನು ಸುಲಭಕ್ಕೆ ನಂಬದಿರುವುದು ವಿವೇಕ. ಪರೀಕ್ಷೆಯ ಲೆಕ್ಕದಲ್ಲಿ ಅದು ರೋಗದ ಖಾತೆಗೆ ಹೋಗುತ್ತಿತ್ತು.

ಇಲ್ಲಿ ಒಂದು ಎಚ್ಚರದ ಮಾತು ಹೇಳಲೇಬೇಕು, ಇಲ್ಲದಿದ್ದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಎರಡು ಗುಂಪುಗಳ ಸರಾಸರಿ ಬೇರೆ ಬಂತು ಅನ್ನುವುದೊಂದರಿಂದಲೇ ಪರೀಕ್ಷೆ ಪಕ್ಷಪಾತಿ ಎಂದು ಸಾಬೀತಾಗುವುದಿಲ್ಲ. ಬಡತನ, ಹಿಂಸೆ, ಅವಮಾನ ನಿಜಕ್ಕೂ ಮನಸ್ಸನ್ನು ಜಜ್ಜುತ್ತವೆ. ಹಾಗೆ ಜಜ್ಜಿದ್ದನ್ನು ಪರೀಕ್ಷೆ ತೋರಿಸಿದರೆ ಅದು ತನ್ನ ಕೆಲಸ ಮಾಡಿದಂತೆ. ಕೇಳಬೇಕಾದದ್ದು ಇದು: ಒಂದೇ ಅಂಕ ಎರಡೂ ಗುಂಪಿನವರಲ್ಲಿ ಒಂದೇ ಸಂಗತಿಯನ್ನು ಹೇಳುತ್ತದೆಯೇ? 70 ಅಂಕದ ಬಿಳಿಯರಲ್ಲಿ ಕಾಣುವಷ್ಟೇ ತೊಂದರೆ 70 ಅಂಕದ ಕಪ್ಪು ಜನರಲ್ಲೂ ಕಾಣುತ್ತದೆಯೇ? 1989ರ ಆವೃತ್ತಿಗೆ ಏಳು ರಾಜ್ಯಗಳ 2,600 ಜನರನ್ನು, ಕಪ್ಪು ಜನರೂ ಸೇರಿದಂತೆ, ಮಾನದಂಡಕ್ಕೆ ತೆಗೆದುಕೊಂಡರು. ಧಾರ್ಮಿಕ ನಂಬಿಕೆಯ ಬಗೆಗಿನ ಆಕ್ಷೇಪಾರ್ಹ ಹೇಳಿಕೆಗಳನ್ನು, ಅಮೆರಿಕದ ಮಕ್ಕಳ ಹಳೆಯ ಆಟವೊಂದರ ಪ್ರಸ್ತಾಪವನ್ನು ಕೈಬಿಟ್ಟರು. ಆಮೇಲೆ ಇದೇ ಪ್ರಶ್ನೆ ಹಿಡಿದು ನಡೆದ ಸಂಶೋಧನೆಗಳಲ್ಲಿ ವ್ಯತ್ಯಾಸ ಮೊದಲು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿ ಕಂಡಿತು. 2020ರಲ್ಲಿ ಬಂದ ಎಂ.ಎಂ.ಪಿ.ಐ.–3ರಲ್ಲಿ ಅಮೆರಿಕದಲ್ಲಿ ನೆಲೆಸಿದ ಸ್ಪ್ಯಾನಿಶ್ ಭಾಷಿಕರಿಗೆ ಪ್ರತ್ಯೇಕ ಮಾನದಂಡವನ್ನೇ ಸಿದ್ಧಮಾಡಿದ್ದಾರೆ. ಟೀಕೆಯನ್ನು ಗಂಭೀರವಾಗಿ ತೆಗೆದುಕೊಂಡು ಪರೀಕ್ಷೆಯನ್ನು ತಿದ್ದಿದರೆ ಅದು ಸುಧಾರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೊಂದು ದಿಕ್ಕಿನ ಅಪಾಯವೂ ಇದೆ. ಎಲ್ಲವನ್ನೂ 'ಅದು ಅವರ ಸಂಸ್ಕೃತಿ' ಎಂದು ತಳ್ಳಿಹಾಕುವುದು. ಒಬ್ಬ ಹುಡುಗನನ್ನು ಕರೆತಂದಿದ್ದರು. ಮೈಮೇಲೆ ದೇವರು ಬರುತ್ತದೆ ಎಂದು ಮನೆಯವರು ತಿಂಗಳುಗಟ್ಟಲೆ ಸುಮ್ಮನಿದ್ದರು. ಆ ಊರಲ್ಲಿ ಮೈಮೇಲೆ ಬರುವುದು ಹೊಸದೇನಲ್ಲ. ಬರುವ ಹೊತ್ತು, ಬರುವ ಜಾಗ, ಬಂದಾಗ ಆಡುವ ಮಾತು, ಇಳಿಯುವ ರೀತಿ ಎಲ್ಲಕ್ಕೂ ಕ್ರಮವಿದೆ. ಈ ಹುಡುಗನಿಗೆ ಹೊತ್ತುಗೊತ್ತು ಇಲ್ಲದೆ ಬರುತ್ತಿತ್ತು. ಊಟ ಬಿಟ್ಟಿದ್ದ, ಸ್ನಾನ ಬಿಟ್ಟಿದ್ದ, ಗೋಡೆಯ ಜೊತೆ ಮಾತಾಡುತ್ತಿದ್ದ. "ಇದು ದೇವ್ರಲ್ಲ, ದವಾಖಾನಿಗೆ ಕರ್ಕೊಂಡ್ ಹೋಗ್ರಿ" ಎಂದು ಮೊದಲು ಹೇಳಿದವರು ಅದೇ ಗುಡಿಯ ಪೂಜಾರಿ. ಸಂಸ್ಕೃತಿಗೆ ತನ್ನದೇ ಮಾನದಂಡ ಇದೆ. ಅದನ್ನು ಬಲ್ಲವರನ್ನು ಕೇಳುವುದು ಪರೀಕ್ಷೆಯ ಭಾಗವೇ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಡಿ.ಎಸ್.ಎಂ–5 ಎಂಬ ಕೈಪಿಡಿಯ ಜೊತೆ ಇದಕ್ಕೆಂದೇ 16 ಪ್ರಶ್ನೆಗಳ ಒಂದು ಸಂದರ್ಶನ ಕ್ರಮವನ್ನು ಕೊಟ್ಟಿತು. ನಿಮ್ಮ ತೊಂದರೆಯನ್ನು ನಿಮ್ಮ ಮನೆಯವರಿಗೆ ಹೇಗೆ ಹೇಳುತ್ತೀರಿ, ಯಾಕೆ ಬಂತು ಅನ್ನಿಸುತ್ತದೆ, ಇಲ್ಲಿಯವರೆಗೆ ಯಾರ ಬಳಿ ಹೋಗಿದ್ದಿರಿ, ಈ ಧಾಟಿಯ ಪ್ರಶ್ನೆಗಳು. ನಾನು ಅದನ್ನು ಪ್ರಶ್ನಾವಳಿಗಿಂತ ಮೊದಲು ಕೇಳುತ್ತೇನೆ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಹೊರಗೆ ಸಾಲು ಬೆಳೆದಿರುತ್ತದೆ, ಆದರೂ ಕೇಳುತ್ತೇನೆ.

ಉತ್ತರ ಕೊಡುವ ಕ್ರಿಯೆಯೇ ಎಲ್ಲರಿಗೂ ಒಂದೇ ಅಲ್ಲ ಎಂಬುದು ಪರೀಕ್ಷೆ ಬರೆದು ಬರೆದು ಬೆಳೆದವರಿಗೆ ಹೊಳೆಯುವುದೇ ಇಲ್ಲ. 'ಪೂರ್ತಿ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ'ದ ತನಕ ಐದು ಮನೆಗಳಲ್ಲಿ ಒಂದಕ್ಕೆ ಗುರುತು ಹಾಕುವುದು ಕಾಲೇಜು ಹುಡುಗಿಗೆ ನೀರು ಕುಡಿದಷ್ಟು ಸುಲಭ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರಿಗೆ ಅದೊಂದು ಒಗಟು. ಅವರಿಗೆ ನಾನು ಸರ್ಕಾರಿ ನೌಕರಳು, ದೊಡ್ಡವಳು. ದೊಡ್ಡವರ ಮಾತಿಗೆ 'ಹೌದ್ರಿ' ಅನ್ನುವುದು ಮರ್ಯಾದೆ. ಹಾಗಾಗಿ 'ನಾನು ಜನರ ಜೊತೆ ಬೆರೆಯುತ್ತೇನೆ' ಎಂಬುದಕ್ಕೂ ಹೌದು, 'ನನಗೆ ಒಂಟಿಯಾಗಿರುವುದೇ ಇಷ್ಟ' ಎಂಬುದಕ್ಕೂ ಹೌದು. ಅವರು ಸುಳ್ಳು ಹೇಳುತ್ತಿಲ್ಲ, ನನಗೆ ಗೌರವ ಕೊಡುತ್ತಿದ್ದಾರೆ. ಕೂಡಿಸಿದಾಗ ಬರುವ ಅಂಕದಲ್ಲಿ ಅವರ ವ್ಯಕ್ತಿತ್ವಕ್ಕಿಂತ ನಮ್ಮಿಬ್ಬರ ನಡುವಿನ ಅಂತಸ್ತಿನ ಅಂತರ ಹೆಚ್ಚು ಕಾಣುತ್ತದೆ.

ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದವರಿದ್ದಾರೆ. ಮನುಷ್ಯರ ಸ್ವಭಾವವನ್ನು ಐದು ಮುಖ್ಯ ಗುಣಗಳಲ್ಲಿ ಹಿಡಿಯಬಹುದು ಎಂಬ 'ಬಿಗ್ ಫೈವ್' ಸಿದ್ಧಾಂತ ಇವತ್ತು ಬಹಳ ಬಳಕೆಯಲ್ಲಿದೆ: ಹೊಸತಿಗೆ ತೆರೆದಿರುವುದು, ಶಿಸ್ತು, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಮನಸ್ಸಿನ ಕಳವಳ. ಅಮೆರಿಕ, ಯುರೋಪಿನ ಓದಿದ ಜನರಲ್ಲಿ ಈ ಐದು ಮತ್ತೆ ಮತ್ತೆ ಸ್ಪಷ್ಟವಾಗಿ ಕಾಣುತ್ತವೆ. 2019ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಕೆಳ ಮತ್ತು ಮಧ್ಯಮ ಆದಾಯದ 23 ದೇಶಗಳ 94,000ಕ್ಕೂ ಹೆಚ್ಚು ಜನರ ಉತ್ತರಗಳನ್ನು ನೋಡಿತು. ಮನೆಗೆ ಹೋಗಿ ಎದುರಾಬದುರು ಕೂತು ಕೇಳಿ ಬರೆದುಕೊಂಡ ಸಮೀಕ್ಷೆಗಳಲ್ಲಿ ಐದು ಗುಣಗಳ ಆ ವಿನ್ಯಾಸ ಸರಿಯಾಗಿ ಮೂಡಲೇ ಇಲ್ಲ. ಇಂಥವೇ ದೇಶಗಳಿಂದ ಇಂಟರ್ನೆಟ್ ಮೂಲಕ ಉತ್ತರಿಸಿದವರಲ್ಲಿ ಚೆನ್ನಾಗಿಯೇ ಮೂಡಿತು. ಕೇಳಿದ್ದಕ್ಕೆಲ್ಲ ಹೌದನ್ನುವ ಒಲವು, ಕೇಳುವವರ ಪ್ರಭಾವ, ಓದಿನ ಮಟ್ಟ ಇವೆಲ್ಲ ಸೇರಿ ಉತ್ತರವನ್ನು ಕಲಕಿಬಿಟ್ಟಿದ್ದವು. ತಮ್ಮ ಫೋನಿನಲ್ಲಿ ಪರ್ಸನಾಲಿಟಿ ಟೆಸ್ಟ್ ಮಾಡಿಕೊಂಡು 'ಸರಿಯಾಗಿ ಹೇಳಿದೆ' ಅನ್ನುವ ನನ್ನ ತಂಗಿಯ ಮಗನಿಗೂ, ನನ್ನ ಎದುರು ಬೆಂಚಿನ ತುದಿಯಲ್ಲಿ ಕೂತ ಅಜ್ಜನಿಗೂ ಇರುವ ವ್ಯತ್ಯಾಸ ಇದು.

ಬೊಲಿವಿಯಾದ ಅಮೆಜಾನ್ ಕಾಡಿನಲ್ಲಿ ಬೇಟೆ, ಮೀನು ಹಿಡಿಯುವುದು, ಸಣ್ಣ ಬೇಸಾಯ ಮಾಡಿ ಬದುಕುವ ಚಿಮಾನೆ ಜನರ ನಡುವೆ ನಡೆದ ಕೆಲಸ ಇನ್ನೂ ಕುತೂಹಲದ್ದು. ಮೈಕೆಲ್ ಗರ್ವೆನ್ ಮತ್ತು ಸಂಗಡಿಗರು 632 ಮಂದಿಯನ್ನು ಕೇಳಿ 2013ರಲ್ಲಿ ಪ್ರಕಟಿಸಿದರು. ಅಲ್ಲಿ ಐದರ ಬದಲು ಎರಡು ದೊಡ್ಡ ಗುಣಗಳು ಎದ್ದು ಕಂಡವು: ನಾಲ್ಕು ಜನರಿಗೆ ಬೇಕಾದವರಾಗಿರುವುದು, ದುಡಿಮೆಗಾರರಾಗಿರುವುದು. ಎಲ್ಲರೂ ಎಲ್ಲರನ್ನೂ ಬಲ್ಲ, ಹೆಚ್ಚುಕಡಿಮೆ ಎಲ್ಲರೂ ಒಂದೇ ಬಗೆಯ ಕೆಲಸ ಮಾಡುವ ಸಣ್ಣ ಊರುಗಳಲ್ಲಿ ಮನುಷ್ಯರನ್ನು ತೂಗುವುದು ಹಾಗೇ ಇರಬೇಕು. ನಮ್ಮ ಹಳ್ಳಿಗಳಲ್ಲಿ ಗಂಡಿನ ಕಡೆಯವರ ಬಗ್ಗೆ ವಿಚಾರಿಸುವಾಗ ಕೇಳುವುದೂ ಬಹುಪಾಲು ಈ ಎರಡನ್ನೇ ಎಂದು ಓದಿದಾಗ ನನಗೆ ಅನ್ನಿಸಿತು. ಇದು ಸಂಶೋಧನೆಯ ಮಾತಲ್ಲ, ನನ್ನ ಅನ್ನಿಸಿಕೆ.

ಚೀನಾದವರು ಹಿಡಿದ ದಾರಿ ನನಗೆ ಎಲ್ಲಕ್ಕಿಂತ ಮೆಚ್ಚುಗೆ. ಎಂ.ಎಂ.ಪಿ.ಐ.ಯನ್ನು ಚೀನೀ ಭಾಷೆಗೆ ತಂದಾಗ ಆರೋಗ್ಯವಂತ ಚೀನೀಯರೂ ಖಿನ್ನತೆ, ಸ್ಕಿಜೋಫ್ರೇನಿಯಾ ಅಳತೆಗಳಲ್ಲಿ ಅಮೆರಿಕದ ಮಾನದಂಡದ ಪ್ರಕಾರ ಮೇಲೆ ಬಂದರು. ಇಡೀ ಸಮಾಜ ಖಿನ್ನತೆಯಲ್ಲಿದೆ ಎಂದು ಹೇಳಲಾದೀತೇ? ತನ್ನ ಬಗ್ಗೆ ತಾನು ಕೊಚ್ಚಿಕೊಳ್ಳಬಾರದು, ಭಾವನೆಗಳನ್ನು ಹರಿಯಬಿಡಬಾರದು ಎಂದು ಕಲಿತು ಬೆಳೆದವರು 'ನಾನು ಯಾರಿಗೂ ಕಡಿಮೆಯಿಲ್ಲ' ಎಂಬಂಥ ಹೇಳಿಕೆಗೆ ಹೌದು ಅನ್ನುವುದಿಲ್ಲ. ಹಾಂಗ್‌ಕಾಂಗ್‌ನ ಫ್ಯಾನಿ ಚೆಯುಂಗ್ ಎಂಬ ಮನಶ್ಶಾಸ್ತ್ರಜ್ಞೆ ಬೀಜಿಂಗ್‌ನ ಸಂಶೋಧಕರ ಜೊತೆ ಸೇರಿ ಚೀನೀ ಮಾನದಂಡ ಕಟ್ಟಿದರು. ಅಷ್ಟಕ್ಕೇ ನಿಲ್ಲದೆ, ಕಾದಂಬರಿ, ಗಾದೆ, ಬೀದಿಯ ಜನ ತಮ್ಮವರನ್ನು ಬಣ್ಣಿಸುವ ರೀತಿ ಇವುಗಳಿಂದ ಆರಿಸಿ, 1990ರ ದಶಕದಲ್ಲಿ ಚೀನೀ ವ್ಯಕ್ತಿತ್ವ ಪರೀಕ್ಷೆಯೊಂದನ್ನು ಬುಡದಿಂದ ಕಟ್ಟಿದರು. ಮುಖ ಉಳಿಸಿಕೊಳ್ಳುವುದು, ಸಾಮರಸ್ಯ ಕಾಪಾಡುವುದು, ಉಪಕಾರಕ್ಕೆ ಉಪಕಾರ ತೀರಿಸುವುದು ಇವೆಲ್ಲ ಅದರಲ್ಲಿ ಅಳತೆಗಳಾದವು. ಪಾಶ್ಚಾತ್ಯ ಪರೀಕ್ಷೆಯ ಜೊತೆಗಿಟ್ಟು ಲೆಕ್ಕ ಹಾಕಿದಾಗ, ಸಂಬಂಧಗಳನ್ನು ನಿಭಾಯಿಸುವ ಈ ಗುಣಗಳ ಗೊಂಚಲು ಐದರಲ್ಲಿ ಯಾವುದರೊಳಗೂ ಪೂರ್ತಿ ಸೇರದೆ ಬೇರೆಯಾಗಿ ಉಳಿಯಿತು. ಆಮೇಲೆ ಚೀನೀಯರಲ್ಲದವರಿಗೂ ಕೊಟ್ಟು ನೋಡಿದರು. ಅವರಲ್ಲೂ ಅದು ಕಂಡಿತು. ಪಶ್ಚಿಮದವರು ಕೇಳದೆ ಬಿಟ್ಟಿದ್ದ ಪ್ರಶ್ನೆ ಅದು.

ಚಿತ್ರ ತೋರಿಸುವ ಪರೀಕ್ಷೆಗಳಲ್ಲಿ ಭಾಷೆಯ ತೊಡಕಿಲ್ಲ, ಹಾಗಾಗಿ ಅವು ಎಲ್ಲರಿಗೂ ಸಲ್ಲುತ್ತವೆ ಎಂಬ ನಂಬಿಕೆ ಒಂದು ಕಾಲಕ್ಕೆ ಬಲವಾಗಿತ್ತು. ಅದು ನಿಲ್ಲಲಿಲ್ಲ. 1935ರಲ್ಲಿ ಕ್ರಿಸ್ಟಿಯಾನಾ ಮಾರ್ಗನ್ ಮತ್ತು ಹೆನ್ರಿ ಮರ್ರೆ ಪ್ರಕಟಿಸಿದ ಥೀಮ್ಯಾಟಿಕ್ ಅಪ್ಪರ್ಸೆಪ್ಷನ್ ಟೆಸ್ಟ್ (ಟಿ.ಎ.ಟಿ.) ಎಂಬ ಪರೀಕ್ಷೆಯಲ್ಲಿ ಚಿತ್ರ ನೋಡಿ ಕಥೆ ಹೇಳಬೇಕು. ಚಿತ್ರದಲ್ಲಿರುವ ಜನ, ಉಡುಪು, ಕೋಣೆ ಎಲ್ಲ ಅಮೆರಿಕದ್ದು. 1949ರಲ್ಲಿ ಚಾರ್ಲ್ಸ್ ಥಾಂಪ್ಸನ್ ಕಪ್ಪು ಜನರ ಚಿತ್ರಗಳಿರುವ ಆವೃತ್ತಿ ಮಾಡಿದರು. ನಮ್ಮಲ್ಲಿ ಉಮಾ ಚೌಧರಿ ಭಾರತೀಯ ಚಿತ್ರಗಳ ಆವೃತ್ತಿ ತಂದರು. ಸೀರೆ ಉಟ್ಟವರ ಚಿತ್ರ ಕೊಟ್ಟೊಡನೆ ಕಥೆ ಹರಿದು ಬರುವುದನ್ನು ನಾನು ಕಂಡಿದ್ದೇನೆ. ಇನ್ನು ಹರ್ಮನ್ ರೋರ್ಶಾಕ್ 1921ರಲ್ಲಿ ಪ್ರಕಟಿಸಿದ ಹತ್ತು ಮಸಿಕಲೆಗಳ ಪರೀಕ್ಷೆಗೂ ಮಾನದಂಡದ ಕಾಟ ತಪ್ಪಲಿಲ್ಲ. ಅಮೆರಿಕದಲ್ಲಿ ರೂಢಿಯಲ್ಲಿದ್ದ ಮಾನದಂಡದ ಪ್ರಕಾರ ಕಾಯಿಲೆ ಇಲ್ಲದವರೂ ಕಾಯಿಲೆಯವರಂತೆ ಕಾಣುತ್ತಿದ್ದಾರೆ ಎಂಬ ಟೀಕೆ ಬಂದ ಮೇಲೆ, 2007ರಲ್ಲಿ 17 ದೇಶಗಳ ಉತ್ತರಗಳನ್ನು ಒಟ್ಟುಗೂಡಿಸಿ ಹೊಸ ಅಳತೆ ಕಟ್ಟಿದರು.

ಕನ್ನಡ ನಾಡು ಈ ಕೆಲಸದಲ್ಲಿ ಹಿಂದೆ ಬಿದ್ದದ್ದೇನಲ್ಲ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ತಮ್ಮ ಮನೆಯಲ್ಲೇ ಮೈಸೂರಿನ ಆಕಾಶವಾಣಿಯನ್ನು ಶುರುಮಾಡಿದ ಅದೇ ಗೋಪಾಲಸ್ವಾಮಿ. ಪಶ್ಚಿಮದ ಬುದ್ಧಿಮತ್ತೆ ಪರೀಕ್ಷೆಗಳನ್ನು ಇಲ್ಲಿಗೆ ಒಗ್ಗಿಸುವ ಕೆಲಸ ಅವರಿಂದ ನಡೆಯಿತು. ಬುದ್ಧಿಮತ್ತೆ ಅಳೆಯುವ ಬಿನೆ ಪರೀಕ್ಷೆಯನ್ನು ವಿ. ವಿ. ಕಾಮತ್ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು ಇಂದಿಗೂ ಬಿನೆ–ಕಾಮತ್ ಪರೀಕ್ಷೆ ಎಂದು ಬಳಕೆಯಲ್ಲಿದೆ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ (1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡದ್ದು ಇದೇ) ಎಚ್. ಎನ್. ಮೂರ್ತಿ 1960ರ ದಶಕದಲ್ಲಿ ಎಂ.ಎಂ.ಪಿ.ಐ. ಜಾಡಿನಲ್ಲೇ ನೂರು ಹೇಳಿಕೆಗಳ ಮಲ್ಟಿಫೇಸಿಕ್ ಪ್ರಶ್ನಾವಳಿ ರಚಿಸಿದರು. ಎಂ.ಎಂ.ಪಿ.ಐ.ನ ಐನೂರಕ್ಕೂ ಹೆಚ್ಚಿನ ಹೇಳಿಕೆಗಳ ಬದಲು ನೂರು ಎಂಬುದೇ ನಮ್ಮ ಹೊರರೋಗಿ ವಿಭಾಗ ಬಲ್ಲವರ ಕೆಲಸ. ಅಂಥವರ ದಾರಿಯಲ್ಲಿ ಮುಂದೆ ಹೋಗಬೇಕಿತ್ತು. ಹೆಚ್ಚಿನ ಕಡೆ ಈಗ ನಡೆಯುತ್ತಿರುವುದು ಪರದೇಶದ ಪ್ರಶ್ನಾವಳಿಯನ್ನು ಕನ್ನಡಕ್ಕೆ ಇಳಿಸಿ, ಅದರ ಹಿಂದಿನ ಮಾನದಂಡವನ್ನು ಹಾಗೇ ಉಳಿಸಿಕೊಳ್ಳುವುದು. ಕಲಬುರಗಿಯ ತೊಗರಿ ರೈತ, ಉತ್ತರ ಕನ್ನಡದ ಸಿದ್ದಿ ಹೆಣ್ಣುಮಗಳು, ಮನೆಯಲ್ಲಿ ಬ್ಯಾರಿ ಆಡುವ ಮಂಗಳೂರಿನ ಹುಡುಗ ಇವರೆಲ್ಲರನ್ನೂ 'ಕನ್ನಡ ಬರುತ್ತದೆ' ಎಂಬ ಒಂದೇ ಕಾರಣಕ್ಕೆ ಒಂದೇ ಗುಂಪಾಗಿ ಎಣಿಸುವುದೂ ನನಗೆ ಸರಿಯೆನಿಸುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಮಾಡುವವರು ಜಿಲ್ಲೆಗೊಬ್ಬರು ಈ ಕೆಲಸ ಕೈಗೆತ್ತಿಕೊಂಡರೂ ಹತ್ತು ವರ್ಷದಲ್ಲಿ ಚಿತ್ರ ಬದಲಾದೀತು ಎಂಬ ಆಸೆ ನನ್ನದು.

ಕಂಪನಿಗಳಲ್ಲಿ ಕೆಲಸಕ್ಕೆ ಮುನ್ನ ಕೊಡುವ ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹಳ ಜನ ಬಲ್ಲ ಮೈಯರ್ಸ್–ಬ್ರಿಗ್ಸ್ ಪರೀಕ್ಷೆಯನ್ನು ಕೆಲಸಕ್ಕೆ ಆರಿಸಲು ಬಳಸಬಾರದೆಂದು ಅದರ ಪ್ರಕಾಶಕರೇ ಹೇಳುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ 1998ರ ಉದ್ಯೋಗ ಸಮಾನತೆ ಕಾಯ್ದೆಯ ಪ್ರಕಾರ, ಎಲ್ಲ ಗುಂಪುಗಳ ನೌಕರರಿಗೂ ನ್ಯಾಯವಾಗಿ ಸಲ್ಲುತ್ತದೆ, ಯಾರ ವಿರುದ್ಧವೂ ವಾಲುವುದಿಲ್ಲ, ವೈಜ್ಞಾನಿಕವಾಗಿ ಸಿದ್ಧಪಟ್ಟಿದೆ ಎಂದು ತೋರಿಸದ ಹೊರತು ನೌಕರರಿಗೆ ಮನಶ್ಶಾಸ್ತ್ರೀಯ ಪರೀಕ್ಷೆ ಕೊಡುವಂತೆಯೇ ಇಲ್ಲ. ಆ ಕಾನೂನಿನ ಒತ್ತಾಸೆಯಿಂದ ಅಲ್ಲಿನ ಸಂಶೋಧಕರು ಆಗಿನ 11 ಅಧಿಕೃತ ಭಾಷೆಗಳ ಜನರನ್ನೂ ಮಾತಾಡಿಸಿ ತಮ್ಮದೇ ವ್ಯಕ್ತಿತ್ವ ಪರೀಕ್ಷೆ ಕಟ್ಟಲು ಹೊರಟರು. ಭಾರತದಲ್ಲೂ ನೌಕರಿಯ ವಿಷಯದಲ್ಲಿ ಇಂಥದೊಂದು ಕಟ್ಟಳೆ ಬರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಚಿಕಿತ್ಸೆಯ ವಿಷಯದಲ್ಲಿ ನಮಗೆ ಒಳ್ಳೆಯ ಕಾನೂನೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಮೂರನೇ ಕಲಂ ಪ್ರಕಾರ, ವ್ಯಕ್ತಿಯ ಆರ್ಥಿಕ, ಸಾಮಾಜಿಕ ಸ್ಥಾನಮಾನ ಅಥವಾ ಅವರು ಸೇರಿದ ಸಾಂಸ್ಕೃತಿಕ, ಧಾರ್ಮಿಕ ಗುಂಪನ್ನು ಆಧರಿಸಿ ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ. ತಮ್ಮ ಸಮುದಾಯದ ನೈತಿಕ, ಧಾರ್ಮಿಕ ನಡಾವಳಿಗೆ ಹೊಂದಿಕೊಳ್ಳುವುದಿಲ್ಲ ಎಂಬ ಕಾರಣಕ್ಕೂ ಹಾಗೆ ಹೇಳುವಂತಿಲ್ಲ. ಜಾತಿ ಮೀರಿ ಮದುವೆಯಾಗುತ್ತೇನೆಂದ ಮಗಳನ್ನು 'ಟೆಸ್ಟ್ ಮಾಡಿ ಮೇಡಂ, ತಲೆ ಕೆಟ್ಟಿದೆ' ಎಂದು ಕರೆತಂದ ತಂದೆ ತಾಯಿಯರಿಗೆ ಈ ಕಲಮನ್ನು ನಾನು ಓದಿ ಹೇಳಿದ್ದುಂಟು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಪರೀಕ್ಷೆ ಮಾಡಿಸುವ ಸಂದರ್ಭ ಬಂದರೆ ಹಿಂಜರಿಯದೆ ಕೆಲವು ಮಾತು ಕೇಳಿ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯುತ್ತದೆ, ಮನೆಮಾತು ಬೇರೆಯಾಗಿದ್ದರೆ ಆ ಭಾಷೆ ಬಲ್ಲವರು ಸಿಗುತ್ತಾರೆಯೇ? ಅಂಕವನ್ನು ಯಾವ ಜನರ ಜೊತೆ ಹೋಲಿಸುತ್ತೀರಿ? ಉತ್ತರಗಳ ಬಗ್ಗೆ ಆಮೇಲೆ ಕೂತು ಮಾತಾಡುತ್ತೀರಾ, ಕಾಗದದ ಮೇಲೇ ಮುಗಿಸುತ್ತೀರಾ? ಮಾಡುವವರು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಾಯಿಸಿದ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದೇ ಎಂದೂ ಕೇಳಬಹುದು, ಕೇಳಿದರೆ ನಾವು ಬೇಸರ ಮಾಡಿಕೊಳ್ಳಬಾರದು. ಪರೀಕ್ಷೆ ಬರೆಯುವವರ ಪಕ್ಕದಲ್ಲಿ ನೀವು ಕೂರಬೇಡಿ, ಎಷ್ಟೇ ಹತ್ತಿರದವರಾದರೂ. ಕನ್ನಡಕ ಮರೆಯದೆ ತನ್ನಿ. ರಾತ್ರಿಯಿಡೀ ಬಸ್ಸಿನಲ್ಲಿ ಬಂದಿದ್ದರೆ ಅದನ್ನು ಮೊದಲೇ ಹೇಳಿ, ಮಲಗೆದ್ದು ನಾಳೆ ಬರೆದರೆ ಆಗುತ್ತದೆ. ವೈದ್ಯಕೀಯ ದಾಖಲೆಗಳನ್ನು ನೋಡುವ ಹಕ್ಕು ಅದೇ ಕಾಯ್ದೆಯ 25ನೇ ಕಲಂನಲ್ಲಿ ರೋಗಿಗೆ ಇದೆ. ವರದಿ ಕೈಗೆ ಬಂದಾಗ ಗ್ರಾಫಿನ ಕೆಳಗೆ ಬರೆದದ್ದನ್ನು ಓದಿ. ಅಲ್ಲಿ ಆ ವ್ಯಕ್ತಿಯ ಊರು, ಕೆಲಸ, ಮನೆ, ನಂಬಿಕೆ ಯಾವುದರ ಸುದ್ದಿಯೂ ಇಲ್ಲದೆ ಬರೀ ಅಂಕಗಳಷ್ಟೇ ಇದ್ದರೆ, ಬರೆದವರನ್ನೇ ಭೇಟಿ ಮಾಡಿ ವಿವರ ಕೇಳಿ.